ಹಗೇವಿಗೆ ಮೊದಲು ಕಂದೀಲು ಇಳಿಸಬೇಕು

ಹಳೆಯ ಮನೆಗಳನ್ನು ಬಿಚ್ಚಿಸಿ, ಅವುಗಳ ತೊಲೆ, ಕಂಬ, ಬಾಗಿಲುಗಳನ್ನು ಮಾರುವುದು ನನ್ನ ದಂಧೆಯಾಗಿತ್ತು. ಮಸ್ಕಿಯಲ್ಲಿ ಕೊಂಡ ಒಂದು ಸಾಗವಾನಿ ಬಾಗಿಲನ್ನು ಸೈಕಲ್ಲಿಗೆ ಅಡ್ಡ ಕಟ್ಟಿಕೊಂಡು, ಅರ್ಧ ದಾರಿ ತುಳಿದು, ಅರ್ಧ ದಾರಿ ತಳ್ಳಿ, ಸಿಂಧನೂರಿಗೆ ತಂದು ಮಾರಿದ್ದು ನನ್ನ ಮೊದಲ ವ್ಯಾಪಾರ. ಎಂಬತ್ತರ ದಶಕದಲ್ಲಿ ಕಾಲುವೆಯ ಭತ್ತ ಕೈ ಹಿಡಿದ ಮೇಲೆ ಜನರಿಗೆ ಮಣ್ಣಿನ ಮಾಳಿಗೆ ಬೇಡವಾಯಿತು, ಸ್ಲ್ಯಾಬಿನ ಮನೆ ಬೇಕಾಯಿತು. ಅವರು ಬೇಡವೆಂದದ್ದೆಲ್ಲ ನನಗೆ ಬೇಕಾಗಿತ್ತು.

ಕೊಳ್ಳುವವನು ಮಾಲಿನ ಒಂದು ಕುಂದನ್ನಾದರೂ ಹುಡುಕಬೇಕು. ಗೆದ್ದಲು, ಬಿರುಕು, ಗಂಟು, ಏನಾದರೊಂದು. ಏನೂ ಸಿಗದಿದ್ದರೆ ನಾನೊಂದು ಉಪಾಯ ಮಾಡುತ್ತಿದ್ದೆ. ಪಡಸಾಲೆಯ ನಡುವೆ ನಿಂತು, ತಲೆ ಎತ್ತಿ ತೊಲೆ ನೋಡಿ, ನಾಲಿಗೆ ಲೊಚ್ಚೆನಿಸಿ, ದನಿ ತಗ್ಗಿಸಿ ಕೇಳುವುದು: “ಈ ಮನ್ಯಾಗ ಯಾರರೆ ಅಕಾಲದಾಗ ಹೋಗ್ಯಾರೇನ್ರಿ?” ಅರವತ್ತು ಎಪ್ಪತ್ತು ವರ್ಷದ ಮನೆಯಲ್ಲಿ ಯಾರೂ ಸತ್ತಿಲ್ಲ ಎನ್ನುವವರು ಯಾರು? ಮನೆಯವರ ಮುಖ ಸಣ್ಣದಾಗುತ್ತಿತ್ತು. ಎಂದೋ ಕೇಳಿದ ಸಪ್ಪಳ, ಯಾರೋ ಕಂಡ ಕನಸು ಒಂದೊಂದಾಗಿ ಹೊರಬರುತ್ತಿದ್ದವು. ಸೌದಾ ನನ್ನ ಕಡೆ ವಾಲುತ್ತಿತ್ತು. ದೆವ್ವ ಇದ್ದ ಮನೆಯ ಯಜಮಾನ ದರಕ್ಕಾಗಿ ಹೆಚ್ಚು ಜಗ್ಗಾಡುವುದಿಲ್ಲ.

ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಕೇಳುವ ರೀತಿಯಿಂದಲೇ ದೆವ್ವ ಹುಟ್ಟುತ್ತದೆ ಎಂಬುದನ್ನು ನಾನು ಕಲಿತದ್ದು ಆ ಉಪಾಯದಿಂದಲೇ. ಅದಕ್ಕೇ ಬಿಚ್ಚಿ ಬರೆಯುತ್ತಿದ್ದೇನೆ. ಇಂಥ ಮನೆಗಳಿಗೆ ಕರೆಸಿಕೊಂಡು ಹೋಗುವವರು ಇಂದಿಗೂ ಇದ್ದಾರೆ. ಅವರ ಉಪಯೋಗಕ್ಕೆ ಬಂದೀತು.

ಸಿಂಧನೂರಿನಿಂದ ಮಸ್ಕಿ ದಾರಿಯಲ್ಲಿ ಹೋದರೆ ಕಾಲುವೆಯ ಪಕ್ಕದಲ್ಲಿ ಒಂದು ಹಳ್ಳಿ. ಅಲ್ಲಿನ ರೈತನೊಬ್ಬ ಮನೆ ಬಿಚ್ಚಿಸಬೇಕೆಂದು ಹೇಳಿಕಳಿಸಿದ. ಹೋಗಿ ನೋಡಿದರೆ ಬಾಯಲ್ಲಿ ನೀರೂರುವಂಥ ಕಂಬಗಳು. ಮುಟ್ಟಿ ನೋಡಿದೆ, ಉಗುರಿನಿಂದ ಗೀರಿದೆ, ಒಂದು ಕುಂದೂ ಇಲ್ಲ. ರೂಢಿಯಂತೆ ತಲೆ ಎತ್ತಿ ತೊಲೆ ನೋಡಿ ನನ್ನ ಪ್ರಶ್ನೆ ಹಾಕಿದೆ.

ಯಜಮಾನ ಒಳಗಿನ ಕಡೆ ನೋಡಿದ. ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಹತ್ತಿರ ಬಂದಳು.

“ಹೋದವರದ್ದಲ್ರಿ, ಬಂದವರದ್ದು. ಸೊಸಿ ಕಾಲಿಟ್ಟ ವರ್ಷದಿಂದ ಒಳಮನ್ಯಾಗ ನರಳತೈತಿ. ಮಟಮಟ ಮಧ್ಯಾಹ್ನದಾಗ. ಬಾಣಂತಿ ನರಳಿದಂಗ.”

ಸೊಸೆ ಲಿಂಗಸುಗೂರು ಕಡೆಯವಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮಾತು ಕೇಳಿ ಬಡಿಯುವ ಕೈ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

“ಮನಿ ಬಿಚ್ಚಿದ್ರ ಹೋಗತೈತೇನ್ರಿ ಅದು?” ಎಂದಳು ಅತ್ತೆ.

ನಾನು ವ್ಯಾಪಾರದ ಗುಂಗಿನಲ್ಲಿದ್ದೆ. ನಾಲಿಗೆ ತನ್ನಷ್ಟಕ್ಕೆ ತಾನೇ ಆಡಿತು: “ಮನೀಗೆ ಹತ್ತಿದ್ದಾದ್ರ ಮನಿ ಜೋಡಿ ಹೋಗತೈತವ್ವಾ. ಮಂದೀಗೆ ಹತ್ತಿದ್ದಾದ್ರ ಹೆಂಗ ಹೋದೀತು?”

ಮುಂದಿನ ವಾರ ಸೌದಾ ಕುದುರಿಸಲು ಹೋದಾಗ ಪಡಸಾಲೆಯ ಕಂಬಕ್ಕೆ ಒರಗಿಸಿ ಒಂದು ಹಸಿರು ಟ್ರಂಕು ಇಟ್ಟಿದ್ದರು. ಮುಚ್ಚಳದ ಮೇಲೆ ಹೂವಿನ ಚಿತ್ರ, ಹೊಸ ಬೀಗ. ಸೋಮವಾರ ಸೊಸೆಯನ್ನು ತವರಿಗೆ ಬಿಟ್ಟು ಬರುವುದು, ಮತ್ತೆ ಕರೆತರುವುದಿಲ್ಲ ಎಂದು ನಿಕ್ಕಿಯಾಗಿತ್ತು. ಹಗ್ಗದಂತೆ ತೆಳ್ಳಗಿದ್ದ ಅವಳ ಗಂಡ ಟ್ರಂಕಿನ ಕಡೆಗೂ ನೋಡದೆ, ಅಪ್ಪನ ಕಡೆಗೂ ನೋಡದೆ, ಎತ್ತಿನ ಕೊರಳಗಂಟೆಯನ್ನು ಸುಮ್ಮನೆ ಉಜ್ಜುತ್ತಿದ್ದ.

ಸೊಸೆ ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟಳು. ಕುಕ್ಕಿದಳು ಎನ್ನಬೇಕು.

“ಕುಡೀರಿ ಸಾವ್ಕಾರ್ರ. ಕಂಬ ಗಟ್ಟಿ ಅದಾವು. ಟೊಳ್ಳು ಇರೂದು ನಾ ಒಬ್ಬಾಕಿ.”

“ಯವ್ವಾ, ನಾ ಏನ್ ಮಾಡೀನಿ?”

“ಮಂದೀಗೆ ಹತ್ತಿದ್ದು ಹೆಂಗ ಹೋದೀತು ಅಂದ್ರಲ್ಲ. ನಾ ಹೋದ್ರ ಹೋಗತೈತಿ ಅಂತ ಇವ್ರು ತಿಳ್ಕೊಂಡಾರ. ಸಿಂಧನೂರಿನ ದೊಡ್ಡ ಮನಿಷ್ಯಾ ಹೇಳ್ಯಾನಲ್ಲ!”

ನೀರು ಕುಡಿಯದೆ ತಂಬಿಗೆ ಪಕ್ಕಕ್ಕೆ ಸರಿಸಿದೆ. ನಾಲ್ಕು ಮಾತಿನಲ್ಲಿ ಕಂಬದ ದರ ಇಳಿಸಹೋಗಿ ಒಬ್ಬ ಹೆಣ್ಣುಮಗಳ ಸಂಸಾರವನ್ನೇ ಇಳಿಸಿಬಿಟ್ಟಿದ್ದೆ.

ಜಗ್ಗಾಡುವುದು ನನ್ನ ಕಸುಬು. ಅಂದು ಮೊದಲ ಸಲ ಮಾಲಿಗಾಗಿ ಅಲ್ಲ, ದಿನಗಳಿಗಾಗಿ ಜಗ್ಗಾಡಿದೆ. ಸದ್ದಿನ ಮೂಲ ಹುಡುಕುವವರೆಗೆ ಸೊಸೆಯನ್ನು ಕಳಿಸಬೇಡಿ ಎಂದು ನಾನು ಹದಿನೈದು ದಿನ ಕೇಳಿದೆ, ಯಜಮಾನ ಎರಡು ಎಂದ. ಕಾಲುವೆಯ ಮುಂದಿನ ಪಾಳಿಯ ನೀರು ಮುಗಿಯುವವರೆಗೆ ಎಂದು ಕಡೆಗೆ ಒಪ್ಪಿದ. ಕೂಡಲೇ ಇನ್ನೊಂದು ಮಾತು ಹೇಳಿದೆ: “ನೋಡ್ರಿ, ನಾನು ಈ ಕಂಬಗಳ ಮ್ಯಾಲೆ ಕಣ್ಣು ಇಟ್ಟು ಬಂದಂವ. ಇಲ್ಲಿ ದೆವ್ವ ಐತಿ ಅಂದ್ರ ನನಗ ಫಾಯ್ದೆ. ಅದಕ್ಕ ನನ್ನೊಬ್ಬನ ಮಾತು ನಂಬಬ್ಯಾಡ್ರಿ. ನಾ ಏನು ನೋಡ್ತೀನೋ ಅದನ್ನ ನೀವೂ ನನ್ನ ಜೋಡಿ ಕುಂತು ನೋಡ್ರಿ.” ಅವನು ನನ್ನನ್ನು ವಿಚಿತ್ರವಾಗಿ ದಿಟ್ಟಿಸಿದ. ತನ್ನ ಫಾಯ್ದೆಯನ್ನು ತಾನೇ ಬಾಯಿಬಿಟ್ಟು ಹೇಳುವ ವ್ಯಾಪಾರಿಯನ್ನು ಅವನು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಆಮೇಲೆ ಕೇಳುವ ಕೆಲಸ. ಈ ಸಲ ತೊಲೆ ನೋಡಲಿಲ್ಲ, ದನಿ ತಗ್ಗಿಸಲಿಲ್ಲ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿಕೊಂಡು ಇಷ್ಟೇ ಕೇಳಿದೆ: “ನೀವು ಸ್ವತಃ ಕೇಳಿದ್ದು ಏನು? ಅವತ್ತು ನೀವು ಏನು ಮಾಡಾಕತ್ತಿದ್ರಿ?” ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಎಲ್ಲವನ್ನೂ ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆಯದೆ ಮನೆಗೆ ಹೋದರೆ ದಾರಿಯಲ್ಲಿ ಮಾತು ಬೆಳೆಯುತ್ತದೆ. ಅತ್ತೆ, ಅಮಾವಾಸ್ಯೆಗೆ ತಪ್ಪದೆ ಬರುತ್ತದೆ ಎಂದಳು. ಯಾವ ಅಮಾವಾಸ್ಯೆ ಎಂದರೆ ಒಂದೂ ನೆನಪಾಗಲಿಲ್ಲ. ಮಗ, ಹೆಂಡತಿ ಅತ್ತ ದಿನ ಬರುತ್ತದೆ ಎಂದ. ಹಾಗಾದರೆ ದಿನಾಲೂ ಬರಬೇಕಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಯಜಮಾನ ತಾನು ಸರಿಯಾಗಿ ಕೇಳಿಯೇ ಇಲ್ಲವೆಂದ. ಹೆಂಡತಿಯ ಬಾಯಲ್ಲಿ ಕೇಳಿದ್ದಷ್ಟೇ.

ಸೊಸೆಯನ್ನು ಈ ಮೊದಲು ಯಾರೂ ಕೇಳಿರಲಿಲ್ಲ. ಆರೋಪ ಹೊತ್ತವಳ ಮಾತು ಲೆಕ್ಕಕ್ಕಿಲ್ಲ ಎಂದೇ ಎಲ್ಲರೂ ತಿಳಿದಿದ್ದರು.

“ಬುತ್ತಿ ಕಟ್ಟಿದ ದಿನ ಬರ್ತೈತ್ರಿ,” ಎಂದಳು ಅವಳು.

“ಅಂದ್ರ?”

“ಕಾಲುವಿ ನೀರಿನ ಪಾಳಿ ಬಂದ ದಿನ ಗಂಡಸ್ರು ಬೆಳಕು ಹರಿಯೂದ್ರಾಗ ಹೊಲಕ್ಕ ಹೋಗ್ತಾರ. ಅವತ್ತು ಮಧ್ಯಾಹ್ನಕ್ಕ ನಾ ಬುತ್ತಿ ಕಟ್ಟಿ ಒಯ್ಯಬೇಕು. ಕಟ್ಟಿ ಗಂಟು ಹಾಕೂದ್ರಾಗ ಒಳಗ ಹೂಂ ಅಂತೈತಿ. ಬುತ್ತಿ ಇಲ್ಲದ ದಿನ ನಾ ಒಂದು ಸಲನೂ ಕೇಳಿಲ್ಲ.”

ಮನೆಯ ಹಿಂದಿನ ಗೋಡೆಗೆ ತಾಗಿಕೊಂಡೇ ಅವರ ಭತ್ತದ ಗದ್ದೆ ಶುರುವಾಗಿ ಬಹು ದೂರ ಚಾಚಿತ್ತು. ಪಾಳಿಯ ದಿನ ಅದರಲ್ಲಿ ನೀರು ನಿಲ್ಲುತ್ತದೆ. ನನ್ನ ತಲೆಯಲ್ಲಿ ಏನೋ ಮಿಸುಕಾಡಿತು. ಆದರೆ ನೀರಿಗೂ ಒಳಮನೆಗೂ ಏನು ನಂಟು?

ಉಳಿದವನು ಮುತ್ಯಾ ಒಬ್ಬ, ಯಜಮಾನನ ತಂದೆ. ಎರಡೂ ಕಿವಿ ಕೇಳಿಸದ ಮುದುಕ. ಸದ್ದಿನ ವಿಷಯದಲ್ಲಿ ಕಿವುಡನನ್ನು ಕೇಳಿ ಏನು ಮಾಡುವುದೆಂದು ನಾನೂ ಅವನನ್ನು ಬಿಟ್ಟುಬಿಟ್ಟಿದ್ದೆ. ಆದರೆ ಮನೆಯಲ್ಲಿರುವವರನ್ನೆಲ್ಲ ಕೇಳುತ್ತೇನೆ ಎಂದು ಯಜಮಾನನಿಗೆ ಮಾತು ಕೊಟ್ಟಿದ್ದೆ. ಕಿವುಡನನ್ನು ಗುಟ್ಟಾಗಿ ಕೇಳಲಾಗುವುದಿಲ್ಲ. ಅಲ್ಲಿ ಕೂಗಿದರೆ ಇಡೀ ಓಣಿಗೆ ಕೇಳುತ್ತದೆ. ನನ್ನ ಹಳೆಯ ಸ್ಕೂಟರಿನ ಮೇಲೆ ಅವನನ್ನು ಕೂರಿಸಿಕೊಂಡು ಕಾಲುವೆಯ ಏರಿಗೆ ಕರೆದುಕೊಂಡು ಹೋದೆ.

“ಮುತ್ಯಾ! ಮೊದಲ ಒಳಮನ್ಯಾಗ ಏನಿತ್ತು?” ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು.

“ಏನೂ ಇರಲಿಲ್ಲ. ಜ್ವಾಳ ಇತ್ತು.”

“ಚೀಲದಾಗೋ?”

“ಚೀಲ ಎಲ್ಲಿದ್ವಲೇ ಅವಾಗ! ಹಗೇವಿನ್ಯಾಗ.”

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಗಡಿಗೆಯ ಹಾಗೆ. ಭತ್ತ ಬಂದ ಮೇಲೆ ಫಸಲು ಹೊಲದಿಂದ ನೇರ ಮಿಲ್ಲಿಗೆ ಹೋಗತೊಡಗಿ, ಹಗೇವು ಎಂಬ ಮಾತೇ ಹೊಸಬರ ಬಾಯಲ್ಲಿ ಉಳಿದಿರಲಿಲ್ಲ. ಈಗ ಅದು ಎಲ್ಲಿದೆ ಎಂದು ಕೇಳಿದೆ. ಮುತ್ಯಾ ಕೋಲಿನಿಂದ ಏರಿಯ ಮಣ್ಣು ಕುಟ್ಟಿದ.

“ಅಲ್ಲೇ ಐತಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಡಿದೆ. ಮೊಮ್ಮಗನ ಲಗ್ನದಾಗ ಮ್ಯಾಲೆ ಬಂಡೆ ಹಾಸ್ಯಾರ.”

“ಮಗನಿಗೆ ಯಾಕ ಹೇಳಿಲ್ಲ?”

ಅವನು ಕೋಲು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. ಹೇಳಿ, “ಇದು ಮನ್ಯಾಗ ಬ್ಯಾಡ,” ಎಂದ. ನಾನು ಅವನ ಅಂಗೈ ಮೇಲೆ ಅಂಗೈ ಇಟ್ಟೆ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಈಗ ಸದ್ದಿನ ಹಕೀಕತ್ತು ಅರ್ಧ ಕೈಗೆ ಬಂದಂತಾಗಿತ್ತು. ನೀರು ಏರಿದಾಗ ಹಗೇವಿನ ತಳಕ್ಕೆ ಜಿನುಗುತ್ತದೆ, ಒಳಗಿನ ಗಾಳಿ ಮೇಲೆ ಒತ್ತುತ್ತದೆ. ಮಣ್ಣಿನ ನೆಲವಿದ್ದಾಗ ಅದು ಎಲ್ಲೆಲ್ಲಿಂದಲೋ ಸಪ್ಪಳವಿಲ್ಲದೆ ಸೋರಿ ಹೋಗುತ್ತಿತ್ತು. ಮದುವೆಗೆಂದು ಶಹಾಬಾದ್ ಬಂಡೆ ಹಾಸಿ ಸಂದಿಗೆಲ್ಲ ಸಿಮೆಂಟು ಮೆತ್ತಿದರು. ಹೊಸ್ತಿಲ ಬಳಿ ಒಂದು ಸಣ್ಣ ಸಂದಿ ಮಾತ್ರ ಉಳಿಯಿತು. ಸೊಸೆ ಬಂದ ವರ್ಷದಿಂದ ಎಂದು ಅತ್ತೆ ಹೇಳಿದ್ದು ಸುಳ್ಳಲ್ಲ, ಅಕ್ಷರಶಃ ನಿಜ. ಬಂಡೆಯೂ ಸೊಸೆಯೂ ಒಂದೇ ಮದುವೆಗೆ ಆ ಮನೆಗೆ ಬಂದವರು. ಇಂಥ ಕಡೆ ಹೋದವರು ಜನ ಸುಳ್ಳು ಹೇಳುತ್ತಾರೆಂದು ಮೊದಲೇ ತಿಳಿದುಕೊಳ್ಳಬಾರದು. ಕೇಳಿದ್ದು ನಿಜವಿರುತ್ತದೆ. ಅದನ್ನು ಯಾರ ತಲೆಗೆ ಕಟ್ಟಿದ್ದಾರೆ ಎಂಬಲ್ಲಿ ತಪ್ಪು ನುಸುಳಿರುತ್ತದೆ.

ಆದರೂ ಅದು ನನ್ನ ಊಹೆ, ರುಜುವಾತಲ್ಲ. ನೀರಿಲ್ಲದ ಮೂರು ದಿನ ಮಧ್ಯಾಹ್ನ ಹೋಗಿ ಒಳಮನೆಯಲ್ಲಿ ಸುಮ್ಮನೆ ಕೂತೆ. ಏನೂ ಕೇಳಿಸಲಿಲ್ಲ. ಅದನ್ನೂ ಬರೆದೆ. ಪಾಳಿಯ ದಿನ ಗಂಡಸರ ಜೊತೆಗೇ ಸೊಸೆಯನ್ನೂ ಹೊಲಕ್ಕೆ ಕಳಿಸಿದೆ. ಅತ್ತೆಯನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು, ಬಂಡೆಯ ಸಂದಿಗಳ ಮೇಲೆಲ್ಲ ಹತ್ತಿಯ ಎಳೆ ಉದುರಿಸಿದೆ.

ಹೊತ್ತು ನೆತ್ತಿಗೇರಿತು. ಒಳಗಿನಿಂದ ಹೂಂ ಎಂದಿತು, ಖಾಲಿ ಸೀಸೆಯ ಬಾಯಿಗೆ ಯಾರೋ ತುಟಿ ಇಟ್ಟು ಊದಿದ ಹಾಗೆ. ಕಾರಣ ಗೊತ್ತಿದ್ದೂ ನನ್ನ ಮೈಮೇಲಿನ ಕೂದಲು ನೆಟ್ಟಗಾದವು. ಹೊಸ್ತಿಲ ಬಳಿಯ ಎಳೆ ಮೆಲ್ಲಗೆ ಎದ್ದು ನಿಂತು, ತಿರುಗಿ, ಅತ್ತ ಬಿತ್ತು. ಉಳಿದವು ಅಲುಗಲಿಲ್ಲ.

“ಯವ್ವಾ, ಈಗ ನಿಮ್ಮ ಸೊಸಿ ಎಲ್ಲಿ ಅದಾಳ?”

“ಹೊಲದಾಗ.”

“ಮತ್ತ?”

ಅವಳು ಹತ್ತಿಯ ಎಳೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಹೊಲದಾಗ ಕುಂತು ಕಳಿಸ್ಯಾಳ ತಗೋರಿ,” ಎಂದಳು.

ನನಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ತೋರಿಸಲಿಲ್ಲ. ಭಯಪಟ್ಟವರನ್ನು ನಕ್ಕರೆ ಅವರು ಆ ಭಯವನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಬಂಡೆ ಎಬ್ಬಿಸುವುದೊಂದೇ ದಾರಿ ಉಳಿದಿತ್ತು. ಯಜಮಾನನಿಗೆ ಹಗೇವಿನ ವಿಷಯ ಹೇಳಿದೆ. ಅದನ್ನು ಏಕೆ ಮುಚ್ಚಿದರು ಎಂಬುದನ್ನು ಹೇಳಲಿಲ್ಲ.

ಮರುದಿನ ಹೊತ್ತೇರಿದ ಮೇಲೆ ಬಂಡೆ ಎಬ್ಬಿಸಿದರು. ಓಣಿಯ ಅರ್ಧ ಜನ ಬಾಗಿಲಲ್ಲಿ ಜಮಾಯಿಸಿದ್ದರು. ಮಣ್ಣು ಕೆದರಿ, ಅದರ ಕೆಳಗಿನ ಕಲ್ಲನ್ನು ಹಾರೆಯಿಂದ ಮೀಟಿದಾಗ ಕೊಳೆತ ಜೋಳದ ವಾಸನೆ ಮುಖಕ್ಕೆ ಹೊಡೆಯಿತು. ಮಗನಿಗೆ ಎಲ್ಲಿಲ್ಲದ ಹುರುಪು ಬಂತು. ಹೆಂಡತಿಯ ಪರವಾಗಿ ಒಂದು ಮಾತೂ ಆಡದಿದ್ದವನು ಧೋತರ ಮೇಲೆ ಕಟ್ಟಿದ.

“ನಾನಽ ಇಳೀತೀನಿ. ಒಳಗ ಏನೈತಿ ಅಂತ ಎಲ್ಲಾರಿಗೂ ತೋರಸ್ತೀನಿ.”

“ತಡೀರಿ, ಮೊದಲ ಕಂದೀಲು,” ಎಂದೆ ನಾನು.

ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದೆವು. ಎರಡು ಮೊಳ ಹೋಯಿತೋ ಇಲ್ಲವೋ, ಉರಿ ಸಣ್ಣದಾಗಿ, ನೀಲಿಯಾಗಿ, ಆರಿತು.

“ಊದ್ತು! ದೆವ್ವ ಊದ್ತು!” ಎಂದು ಹೆಂಗಸರು ಹಿಂದೆ ಸರಿದರು. ಅತ್ತೆ ಸೊಸೆಯ ಕಡೆ ಬೆರಳು ಚಾಚಿ, “ನೋಡ್ರಿ, ಆಕಿ ಬಾಗಲದಾಗ ಬಂದು ನಿಂತಾಳ, ಅದಕ್ಕ ಆರೇತಿ,” ಎಂದಳು. ಮಗ ರೋಷಕ್ಕೆ ಬಿದ್ದು ಒಂದು ಕಾಲು ಒಳಗೆ ಬಿಟ್ಟೇಬಿಟ್ಟ.

ಮುತ್ಯಾ ಕಾಲುವೆಯ ಏರಿಯ ಮೇಲೆ ಹೇಳಿದ್ದನ್ನು ನಾನು ಆಗ ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಮಾತು ತುಟಿಯವರೆಗೆ ಬಂದಿತ್ತು. ಆದರೆ ಅದು ನನ್ನ ಮಾತಲ್ಲ. ಹುಡುಕುವ ಕೆಲಸಕ್ಕೆಂದು ಒಬ್ಬರು ಹೇಳಿದ ಗುಟ್ಟನ್ನು ವಾದ ಗೆಲ್ಲುವುದಕ್ಕೆ ಬಳಸಬಾರದು. ನಾನು ಬಾಯಿ ಬಿಡದೆ ಮಗನ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಅವನು ಕೊಸರಿಕೊಂಡ. ಅಷ್ಟರಲ್ಲಿ ಒಂದು ಕೋಲು ಬಂದು ಅವನ ಎದೆಗೆ ಅಡ್ಡ ನಿಂತಿತು.

“ಹಿಂದ ಸರಿಯಲೇ!” ಮುತ್ಯಾ ಕೂಗಿದ. “ದೆವ್ವ ಅಲ್ಲ ಅದು, ಕೆಟ್ಟ ಗಾಳಿ. ಕಂದೀಲು ಆರೂ ಜಾಗದಾಗ ಮನಿಷ್ಯಾನೂ ಆರ್ತಾನ. ನನ್ನ ತಮ್ಮ ಜ್ವರದಾಗ ಸತ್ತಿಲ್ಲ. ಇದರಾಗ ಸತ್ತಾನ. ನಾನಽ ಇಳಿ ಅಂದೆ. ಅವಸರ ಮಾಡಿದೆ. ಕಂದೀಲು ಇಳಿಸಲಿಲ್ಲ.”

ಕಿವುಡರಿಗೆ ತಮ್ಮ ದನಿಯ ಅಳತೆ ಇರುವುದಿಲ್ಲ. ಇಷ್ಟು ವರ್ಷ ಬಚ್ಚಿಟ್ಟ ಮಾತು ಇಡೀ ಓಣಿಗೆ ಕೇಳಿತು. ಯಜಮಾನ ಅಪ್ಪನನ್ನು ಹಿಡಿದು ಅಲ್ಲೇ ನೆಲಕ್ಕೆ ಕೂರಿಸಿದ. ಮಗ ಕಾಲು ಹಿಂದಕ್ಕೆ ತೆಗೆದುಕೊಂಡ.

ಬಾಗಿಲಲ್ಲಿದ್ದವರಲ್ಲಿ ಒಬ್ಬ ನನ್ನನ್ನು ಕೇಳಿದ: “ಹಂಗಾದ್ರ ನರಳೂದು ಆ ಸತ್ತಂವ ಅಲ್ಲೇನ್ರಿ?”

“ಸದ್ದು ಗಾಳೀದು. ಅಷ್ಟು ನಾ ಕಣ್ಣಿಲೆ ನೋಡೀನಿ, ಈ ಯವ್ವನೂ ನೋಡ್ಯಾಳ. ಅದರಾಚೆಗಿಂದು ನನಗ ಗೊತ್ತಿಲ್ಲ,” ಎಂದೆ. ಗೊತ್ತಿಲ್ಲ ಎನ್ನುವುದಕ್ಕೆ ವ್ಯಾಪಾರಿಯ ನಾಲಿಗೆ ಬಹಳ ಒದ್ದಾಡುತ್ತದೆ. ಆದರೂ ಅಂದೆ.

ಹಗೇವನ್ನು ದಿನವಿಡೀ ತೆರೆದಿಟ್ಟು, ಮೇಲಿನಿಂದಲೇ ಗರಸು, ಕಲ್ಲು ಸುರಿದು ತುಂಬಿಸಿದರು. ಆ ತಮ್ಮನ ಹೆಸರಿಗೆ ಮನೆಯವರು ಎಡೆ ಇಟ್ಟರು. ನಾನೂ ಕೈ ಮುಗಿದೆ. ಸದ್ದಿನ ಕಾರಣ ಸಿಕ್ಕಿತೆಂದು ಸತ್ತವನ ಎಡೆಯನ್ನು ಬೇಡ ಎನ್ನಲು ನಾನು ಯಾರು? ಅತ್ತೆ ತಪ್ಪಾಯಿತು ಎನ್ನಲಿಲ್ಲ. ಹಸಿರು ಟ್ರಂಕನ್ನು ತಾನೇ ಎತ್ತಿಕೊಂಡು ಹೋಗಿ ಒಳಗೆ ಮಂಚದ ಕೆಳಗೆ ತಳ್ಳಿದಳು. ಯಜಮಾನ ಮನೆ ಬಿಚ್ಚಿಸುವ ಮಾತನ್ನೇ ಕೈಬಿಟ್ಟ. ಆ ಕಂಬಗಳು ಈಗಲೂ ನನ್ನ ಕಣ್ಣ ಮುಂದೆ ಬರುತ್ತವೆ.

ಹೊರಡುವಾಗ ಸೊಸೆ ಕಂದೀಲಿನ ಗಾಜು ಒರೆಸುತ್ತ ಕಟ್ಟೆಯ ಬಳಿ ನಿಂತಿದ್ದಳು. ಒಂದು ಒಳ್ಳೆಯ ಮಾತು ಬಂದೀತು ಎಂದು ನಾನು ಕಾದೆ. ಸುಳ್ಳೇಕೆ, ಕಾದೆ.

“ಅಣ್ಣಾರ, ಒಂದು ಕೇಳ್ಲೇನು?” ಸಾವ್ಕಾರ್ರು ಹೋಗಿ ಅಣ್ಣಾರ ಆಗಿದ್ದೆ.

“ಕೇಳವ್ವಾ ತಂಗಿ.”

“ಹಗೇವು ಸಿಗದಿದ್ರ ನನ್ನ ಟ್ರಂಕು ಇವತ್ತು ಎಲ್ಲಿರ್ತಿತ್ತು?”

ನಾನು ಸ್ಕೂಟರಿನ ಕಿಕ್ಕರ್ ಒದ್ದೆ. ಅದು ಚಾಲೂ ಆಗಲಿಲ್ಲ. ಮತ್ತೆ ಒದ್ದೆ.

“ನಾ ದೆವ್ವ ಅಲ್ಲ ಅನ್ನಾಕ ಒಂದು ಹಗೇವು ಬೇಕಾತು,” ಎಂದಳು. “ಹಗೇವು ಇಲ್ಲದ ಮನ್ಯಾಗಿನ ಹೆಣಮಕ್ಕಳು ಏನ್ ಮಾಡಬೇಕು?” ಗಾಜನ್ನು ಕಂದೀಲಿಗೆ ಸಿಕ್ಕಿಸಿ ಒಳಗೆ ಹೋದಳು.

ನಾನು ಪಾಳಿಯ ಲೆಕ್ಕ ಹಿಡಿದಿದ್ದೆ, ಹತ್ತಿ ಉದುರಿಸಿದ್ದೆ, ಕಂದೀಲು ಇಳಿಸಿದ್ದೆ. ಅಷ್ಟೂ ದಿನ ಅವಳು ತನ್ನ ಟ್ರಂಕನ್ನು ದಾಟಿಕೊಂಡೇ ಒಲೆಗೆ ಹೋಗಿ ಬರುತ್ತಿದ್ದಳು. ಮೊದಲು ಆ ಟ್ರಂಕು ಒಳಗಿಡಿಸಬೇಕಿತ್ತು. ಸದ್ದು ಹುಡುಕುವುದು ಆಮೇಲಿನ ಕೆಲಸ. ಅಷ್ಟು ಜಗ್ಗಾಡಿದವನಿಗೆ ಅದೊಂದನ್ನು ಕೇಳುವುದು ಹೊಳೆದಿರಲಿಲ್ಲ.

ಮಾತು ಊರೂರಿಗೆ ಹೋಯಿತು. ತೊಂಬತ್ತರ ದಶಕದಲ್ಲಿ ಕಟ್ಟಿಗೆಗಿಂತ ಇಂಥ ಕೆಲಸಕ್ಕೇ ಜನ ಹೆಚ್ಚು ಕರೆಯತೊಡಗಿದರು. ನಾನು ಹೋದ ಮನೆಯ ಕಟ್ಟಿಗೆ ಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಒಮ್ಮೆ ಲಿಂಗಸುಗೂರಿನಿಂದ ಇಬ್ಬರು ಅಣ್ಣತಮ್ಮಂದಿರು ಬಂದು ಕರೆದೊಯ್ದರು. ಅವರ ಮನೆಯ ತಗಡಿನ ಮೇಲೆ ಹಗಲು ಹೊತ್ತಿನಲ್ಲಿ ಕಲ್ಲು ಬೀಳುತ್ತಿದ್ದವು.

ನಾನು ಒಳಗೆ ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತೆ. “ತಪ್ಪು ಯಾರ ಮ್ಯಾಲೆ ಹಾಕೀರಿ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಡೆಗೆ ದೊಡ್ಡವನು ಹೇಳಿದ: “ನಮ್ಮ ಅಕ್ಕ ಅದಾಳ್ರಿ. ಗಂಡ ತೀರ್ಕೊಂಡ ಮ್ಯಾಲೆ ಬಂದಾಳ. ಆಕಿ ಬಂದ ಮ್ಯಾಲೆನಽ ಶುರುವಾಗೇತಿ. ಈಗ ಹಿತ್ತಲದಾಗ ಉಣ್ತಾಳ.”

“ಆಕೀನ ಒಳಗ ಕರೀರಿ. ನಿಮ್ಮ ಬಾಜೂಕ ಕುಂದ್ರಿಸಿ ಊಟಕ್ಕ ಹಾಕ್ರಿ. ಆಮ್ಯಾಲೆ ನಾ ಒಳಗ ಬರ್ತೀನಿ.”

“ಕಲ್ಲು ಯಾಕ ಬೀಳತಾವಂತ ಗೊತ್ತಾಗಲಿ, ಆಮ್ಯಾಲೆ ಕರೆದ್ರಾತಲ್ರಿ.”

“ಗೊತ್ತಾಗದಿದ್ರ?”

ನಾನು ಏಳಲಿಲ್ಲ. ಜಗ್ಗಾಟದಲ್ಲಿ ಸುಮ್ಮನೆ ಕೂರುವುದರಷ್ಟು ದೊಡ್ಡ ಪಟ್ಟು ಬೇರೆ ಇಲ್ಲ. ತಮ್ಮ ಒಮ್ಮೆ ಒಳಗೆ ಹೋಗಿ ಬಂದ. ಅಣ್ಣ ಬೀಡಿ ಹಚ್ಚಿ, ಅರ್ಧಕ್ಕೆ ಎಸೆದು, ತಾನೂ ಒಳಗೆ ಹೋದ. ಬಹಳ ಹೊತ್ತಾಯಿತು. ಆ ಕಲ್ಲುಗಳ ಹಕೀಕತ್ತು ನನಗೆ ಕಡೆಗೂ ಸಿಗಲಿಲ್ಲ. ಸಿಗಲಿಲ್ಲವೆಂದೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಆದರೆ ಅಂದು ಕಟ್ಟೆಯ ಮೇಲೆ ಕೂತಿದ್ದಾಗ, ಒಳಗೆ ಒಂದು ಹಿತ್ತಾಳೆಯ ತಾಟನ್ನು ನೆಲಕ್ಕಿಟ್ಟ ಸದ್ದು ಕೇಳಿತು. ಅದರ ಹಿಂದೆಯೇ, “ಅಕ್ಕಾ, ಇತ್ತ ಸರೀ,” ಎಂದ ಮಾತು ಕೇಳಿತು. ಆಗ ಚಪ್ಪಲಿ ಬಿಟ್ಟು ಒಳಗೆ ಹೋದೆ.